ಟೀ ಹೊತ್ತಿನಲ್ಲಿ ಯಾರ ಹತ್ತಿರ ನಿಲ್ಲಬೇಕು

ಭಾವಾ,

ಕಾಗದ ಬರೆಯುವುದು ನನ್ನಿಂದಾಗುವ ಕೆಲಸವಲ್ಲ, ನಿನಗೇ ಗೊತ್ತು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಮೈಸೂರಿನಿಂದ ಬಂದ ಮೇಲೆ ಇದನ್ನು ಯಾರಿಗಾದರೂ ಹೇಳದೆ ಊಟ ಸೇರುತ್ತಿಲ್ಲ. ತಂಗಿಗೆ ಹೇಳೋಣವೆಂದರೆ ನಿನ್ನ ಹೆಸರೆತ್ತಿದರೆ ಸಾಕು, ಸೆರಗು ಕಣ್ಣಿಗೆ ಹೋಗುತ್ತದೆ. ಅದಕ್ಕೇ ನಿನಗೇ ಬರೆಯುತ್ತಿದ್ದೇನೆ.

ಭಾನುವಾರಗಳು ನೆನಪಿವೆಯಾ? ಕೊಪ್ಪದ ಕಾಲೇಜಿನಲ್ಲಿ ನಿನ್ನ ಹತ್ತಿರ ಕಲಿತು, ಎಂ.ಎ., ಪಿಎಚ್.ಡಿ. ಅಂತ ಹೊರಗೆ ಹೋದ ಮಕ್ಕಳು ಯಾವುದಾದರೂ ವಿಚಾರ ಸಂಕಿರಣದಲ್ಲಿ ಪ್ರಬಂಧ ಓದುವುದಿದ್ದರೆ ಮೊದಲು ನನ್ನ ಸೈಕಲ್ ಶಾಪಿನಲ್ಲಿ ಓದಿ ತೋರಿಸಬೇಕಿತ್ತು. ಶಟರ್ ಅರ್ಧ ಎಳೆದು, ಟ್ಯೂಬು ರಿಮ್ಮುಗಳ ನಡುವೆ ನೀನು ಅವರನ್ನು ನಿಲ್ಲಿಸುತ್ತಿದ್ದೆ. ಹೊತ್ತು ಮುಗಿದರೆ ಬಾರಿಸಲು ನನ್ನ ಕೈಗೊಂದು ಸೈಕಲ್ ಬೆಲ್ಲು. ನಾನ್ಯಾಕೆ ಮಾರಾಯ ಎಂದರೆ, "ನಿಂಗೆ ಬೇಜಾರು ಬಂದ್ರೆ ಮುಖದಲ್ಲೇ ಕಾಣ್ತದೆ. ನಮ್ಮ ಪ್ರೊಫೆಸರುಗಳು ಮುಚ್ಚಿಟ್ಟುಕೊಳ್ತಾರೆ" ಎಂದು ನೀನು ನಗುತ್ತಿದ್ದೆ.

ಎನ್.ಆರ್. ಪುರದ ನಸೀಮಾ ಮೊದಲ ಸಲ ಬಂದಾಗ ನಾನು ಬೆಲ್ಲು ಬಾರಿಸುವವರೆಗೂ ಕಾಯಲಿಲ್ಲ. ಸಂತೆಯಲ್ಲಿ ವ್ಯಾಪಾರಿಗಳು ಚೌಕಾಸಿ ಮಾಡುವ ಮಾತಿನ ಮೇಲೆ ಅವಳ ಸಂಶೋಧನೆ. ಓದಿದ್ದರಲ್ಲಿ ಸಂತೆಯೂ ಇರಲಿಲ್ಲ, ಮಾತೂ ಇರಲಿಲ್ಲ. "ಎಂತ ಹೇಳ್ತಿದೀಯ ಮಾರಾಯ್ತಿ? ನಿನ್ನಪ್ಪ ಬಟ್ಟೆ ಮಾರುವಾಗ ಹೀಗೇ ಮಾತಾಡ್ತಾನಾ?" ಎಂದು ರೇಗಿದೆ. ಹುಡುಗಿ ಬಿಕ್ಕಲಿಲ್ಲ. "ಇಲ್ಲ ಅಂಕಲ್. ಅಪ್ಪ ಹೀಗೆ ಮಾತಾಡಿದ್ರೆ ಒಂದು ಟವೆಲ್ಲೂ ಹೋಗ್ತಿರ್ಲಿಲ್ಲ" ಎಂದಳು. ಅಲ್ಲಿಂದ ಅವಳು ನನಗೆ ಹಿಡಿಸಿದಳು.

ಓದಿಸಿದ್ದಕ್ಕಿಂತ ನೀನು ಟೀ ಕುಡಿಸಿದ್ದೇ ಹೆಚ್ಚು. ನನ್ನ ಕೈಗೆ ಲೋಟ ಕೊಟ್ಟು, "ನೀನು ದೊಡ್ಡ ಪ್ರೊಫೆಸರು, ಆ ಕಡೆ ಮುಖ ಮಾಡಿ ನಿಲ್ಲು" ಎನ್ನುತ್ತಿದ್ದೆ. ನಸೀಮಾ ಬಂದು ಪರಿಚಯ ಹೇಳಿಕೊಳ್ಳಬೇಕು, ನನ್ನ ವಿಷಯ ಏನೆಂದು ಕೇಳಬೇಕು. ನಾನು ಸೊಟ್ಟ ಮೋರೆ ಮಾಡಿ, "ಹ್ಞೂಂ, ಎಂತ ಬೇಕು?" ಎಂದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ನೀನು ಮಾತ್ರ ನಗುತ್ತಿರಲಿಲ್ಲ. ಪ್ರಬಂಧ ಓದುವುದನ್ನು ಬಿಟ್ಟು ಇದೆಂಥ ನಾಟಕ ಎಂದು ನಾನು ಸಿಡುಕಿದಾಗ ನೀನು ಒಂದೇ ಒಂದು ಸಲ ಬಾಯಿ ಬಿಟ್ಟೆ. ಓದುವ ಕಾಲದಲ್ಲಿ ನೀನೂ ಧಾರವಾಡಕ್ಕೆ ಪ್ರಬಂಧ ಹಿಡಿದುಕೊಂಡು ಹೋಗಿದ್ದೆಯಂತೆ. ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದು ಒಂದು ಕಂಬದ ಹತ್ತಿರ ನಿಂತಿದ್ದೆಯಂತೆ. ಯಾರೂ ಮಾತಾಡಿಸಲಿಲ್ಲ. ಆಮೇಲೆ ಅಂಥಲ್ಲಿಗೆ ಹೋಗಲೇ ಇಲ್ಲ.

ನಾನೇನು ಹೇಳಿದೆ ಗೊತ್ತಲ್ಲ? "ಇಷ್ಟಕ್ಕೇ? ಊಟ ಮಾಡಿ ಬರೋದಪ್ಪ!" ಎಂದೆ. ನೀನು ಲೋಟ ತೊಳೆದಿಟ್ಟು ಹೋದೆ.

ಮಳೆಗಾಲ ಶುರುವಾಗುವ ಮೊದಲು ಎದೆನೋವು ಎಂದ ನೀನು ಶಿವಮೊಗ್ಗದ ಆಸ್ಪತ್ರೆ ಮುಟ್ಟಲಿಲ್ಲ. ನಸೀಮಾಳ ಪ್ರಬಂಧಕ್ಕೆ ಮೈಸೂರಿನ ಸಂಕಿರಣದಲ್ಲಿ ಒಪ್ಪಿಗೆ ಸಿಕ್ಕಿತ್ತು. ನಿನ್ನ ಕಾರ್ಯದ ದಿನ ಮನೆಗೆ ಬಂದವಳು, "ನಾನು ಹೋಗಲ್ಲ ಅಂಕಲ್. ಸರ್ ಬರ್ತೀನಿ ಅಂದಿದ್ರು, ಅದಕ್ಕೇ ಧೈರ್ಯ ಮಾಡಿದ್ದೆ" ಎಂದಳು. ಎಲ್ಲರೆದುರೇ ಬೈದೆ. "ಅವನು ನನ್ನ ಅಂಗಡೀಲಿ ನಿನ್ನನ್ನ ನಿಲ್ಲಿಸಿದ್ದು ಎಂತಕ್ಕೆ? ನಾನು ಬರ್ತೇನೆ, ನಡಿ!" ಬಾಯಿಂದ ಬಂದುಬಿಟ್ಟಿತ್ತು. ಹೋಗದೆ ಇರುವ ಹಾಗಿರಲಿಲ್ಲ.

ಹುಡುಗಿ ಚೆನ್ನಾಗಿ ಓದಿದಳು ಭಾವ. ಅವಳಪ್ಪನ ಅಂಗಡಿಯ ಮಾತನ್ನೇ ಶುರುವಿಗೆ ಹಾಕಿದ್ದಳು, ಸಭೆ ನಕ್ಕಿತು. ಒಬ್ಬರು ಏನೋ ಕ್ಲಿಷ್ಟ ಪ್ರಶ್ನೆ ಕೇಳಿದರು. ನೀನು ಕಲಿಸಿದ ಹಾಗೇ, "ಅದು ಗೊತ್ತಿಲ್ಲ ಸರ್, ನೋಡಿ ಹೇಳ್ತೇನೆ" ಎಂದಳು. ಟೀಗೆ ಬಿಟ್ಟಾಗ ಅದೇ ಮನುಷ್ಯನ ಹತ್ತಿರ ತಾನಾಗಿ ಹೋಗಿ ನಿಂತಳು. ಅವರ ಸುತ್ತ ಇನ್ನೂ ನಾಲ್ಕು ಜನ ಸೇರಿದರು. ನಾನು ಇನ್ನು ಬೇಡವಾದೆ.

ಕಪ್ಪು ಹಿಡಿದುಕೊಂಡು ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಗುಂಪಿನ ಹತ್ತಿರ ಹೋದರೆ ಭುಜಗಳು ಒತ್ತೊತ್ತಾಗಿ ನಿಂತಿದ್ದವು. ಯಾರೂ ಏನೂ ಅನ್ನಲಿಲ್ಲ. ಅನ್ನಲಿಲ್ಲ ಎಂಬುದೇ... ಇರಲಿ. ಕೊನೆಗೆ ನೋಡಿದರೆ ನಾನು ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಇಷ್ಟಕ್ಕೇ ಅಂದಿದ್ದೆನಲ್ಲ ಭಾವ, ಇದು ಇಷ್ಟೇನಾ?

ಆಚೆ ಕಂಬದ ಹತ್ತಿರ ಇನ್ನೊಬ್ಬಳು ನಿಂತಿದ್ದಳು. ಬೀದರಿನ ಕಡೆಯವಳಂತೆ, ಆಮೇಲೆ ತಿಳಿಯಿತು. ಬ್ಯಾಗನ್ನು ಅವುಚಿಕೊಂಡು, ಆರಿದ ಟೀಯನ್ನೇ ಊದುತ್ತಿದ್ದಳು. ನಾನೇ ಹೋದೆ. ನೀನು ಹೇಳಿಕೊಟ್ಟದ್ದು ಇನ್ಯಾವಾಗ ಕೆಲಸಕ್ಕೆ ಬರಬೇಕು? "ನಿನ್ನದು ಯಾವ ವಿಷಯ ಮಗಾ?" ಎಂದು ಕೇಳಿದೆ. ಅವಳು ಗಾಬರಿಯಲ್ಲಿ ಸರ್, ಸರ್ ಎನ್ನುತ್ತಾ ಶುರು ಮಾಡಿದಳು. ಬಾವಿಗಳ ಬಗ್ಗೆ. ಅರ್ಧ ನನಗೆ ತಿಳಿಯಲಿಲ್ಲ, ಆದರೂ ಮುಖ ಗಂಟು ಹಾಕಲಿಲ್ಲ. ಮುಗಿಸಿ, "ಸರ್, ನೀವು ಯಾವ ಯೂನಿವರ್ಸಿಟಿ?" ಎಂದಳು.

"ಕೊಪ್ಪ. ಸೈಕಲ್ ಶಾಪು" ಎಂದೆ. ಎಷ್ಟು ನಕ್ಕಳು ಅಂತೀಯ!

ನಸೀಮಾ ಬರುವ ಭಾನುವಾರ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾಳೆ. ನಿನ್ನ ಜಾಗದಲ್ಲಿ ಅವಳು ನಿಲ್ಲುತ್ತಾಳೆ, ಟೀ ನಾನು ತರಿಸುತ್ತೇನೆ. ಅದು ನಡೆಯುತ್ತದೆ, ನೀನು ಯೋಚಿಸಬೇಡ.

ಒಂದೇ ಒಂದು ಉಳಿಯಿತು. ನಿನ್ನ ಆ ಧಾರವಾಡದ ಪ್ರಬಂಧದ ಬಗ್ಗೆ ತಂಗಿಯನ್ನು ಕೇಳಿದೆ, ಅವಳಿಗೂ ಗೊತ್ತಿಲ್ಲ. ನಸೀಮಾಗೂ ನೀನು ಹೇಳಿಲ್ಲ. ಅಲ್ಲಿ ಯಾರೂ ಕೇಳಲಿಲ್ಲ, ಇಷ್ಟು ವರ್ಷ ಎದುರಿಗೇ ಕೂತಿದ್ದ ನಾನೂ ಕೇಳಲಿಲ್ಲ.

ಭಾವ, ನಿನ್ನದು ಯಾವ ವಿಷಯ?