ಎಂ ಅಂದರೆ ಮೇನ್

ಮನೆಯಿಂದ
ಮಂಗಳವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ

ನನ್ನ ಚಿಕ್ಕ ಸೊಸೆಗೆ ಅತ್ತೆಯ ಆಶೀರ್ವಾದಗಳು.

ಹೇಗಿದ್ದೀ? ಹೋಗುವಾಗ ಕೆಮ್ಮುತ್ತಿದ್ದೆ, ಈಗ ಕಡಿಮೆಯಾಯಿತೇ? ನಿನ್ನ ಅಪ್ಪನ ಮಂಡಿನೋವು ಹೇಗಿದೆ? ಸುಟ್ಟ ಮೋಟಾರಿಗೆ ತಂತಿ ಸುತ್ತುವ ಕೆಲಸದಲ್ಲಿ ದಿನವಿಡೀ ನೆಲದ ಮೇಲೆ ಕೂರಬೇಕು, ಮಂಡಿ ಬಾಧಿಸದೆ ಏನಾದೀತು. ಎತ್ತರದ ಮಣೆ ಹಾಕಿಕೊಳ್ಳಲು ಹೇಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಚೆನ್ನಾಗಿಲ್ಲ. ನೀನು ಹೋಗಿ ಇಪ್ಪತ್ತಮೂರು ದಿನವಾಯಿತು. ನಿನ್ನ ಗಂಡ ತಟ್ಟೆ ನೋಡಿ ಉಣ್ಣುತ್ತಾನೆ, ಗೋಡೆ ನೋಡಿ ಮಾತಾಡುತ್ತಾನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನನ್ನ ದನಿ ತಾನಾಗಿ ಏರುತ್ತದೆ, ಹೇಳಬೇಕಾದದ್ದು ಬಿಟ್ಟು ಬೇಡದ್ದು ಬರುತ್ತದೆ. ಅದಕ್ಕೇ ಕಾಗದ.

ಮೊದಲು ಗಾಡಿಯ ಸುದ್ದಿ. ನಮ್ಮ ಎಮ್ಮೆ ನಿನ್ನೆ ಎದ್ದಿತು. ಹುಲ್ಲು ಮೇಯುತ್ತದೆ, ಮೊಂಡು ಹಿಡಿದರೆ ಕದಲುವುದಿಲ್ಲ ಎಂದು ಆ ಹುಲ್ಲು ಕತ್ತರಿಸುವ ಗಾಡಿಗೆ ನಿನ್ನ ಮಾವ ಇಟ್ಟ ಹೆಸರು. ಅವರು ಹೋದ ಮೇಲೆ ಆಟದ ಮೈದಾನದ ಕೆಲಸ ಕೈಬಿಡದೆ ನಡೆಸಿದವಳು ನಾನು. ಆಟಗಾರರು ಬರುವ ಮುಂಚೆ ಹುಲ್ಲು ಕತ್ತರಿಸಿರದ ದಿನ ಒಂದೂ ಇರಲಿಲ್ಲ, ಆ ಭಾನುವಾರದ ತನಕ. ನಿನ್ನೆ ವೈರಿಂಗ್ ಮೇಸ್ತ್ರಿಯನ್ನು ಕರೆಸಿದ್ದೆ, ಬೋಳು ತಲೆ, ಬಾಯ್ತುಂಬ ಮಾತು. ಒಂದು ಪುಟ್ಟ ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು ಬಂದಿದ್ದ. ಬ್ಯಾಟರಿಗೆ ಮುಟ್ಟಿಸಿದ, ಬಲ್ಬು ಹತ್ತಿತು. ಅಲ್ಲಿಂದ ಫ್ಯೂಸಿಗೆ ಬಂದ. ಫ್ಯೂಸಿನ ಜಾಗದಲ್ಲಿ ನಿನ್ನ ಭಾವ ಸಿಕ್ಕಿಸಿದ್ದ ದಪ್ಪ ತಂತಿ ಕಂಡು, "ಇದ್ಯಾವ ಮಹಾನುಭಾವರ ಕೆಲಸ? ಫ್ಯೂಸು ತಾನು ಸತ್ತು ಗಾಡಿ ಉಳಿಸುತ್ತೆ ಸ್ವಾಮಿ, ಇದು ಗಾಡಿಯನ್ನೇ ಕೊಂದು ತಾನು ಉಳಿದಿದೆ" ಎಂದ. ನಿನ್ನ ಭಾವ ಆಕಾಶ ನೋಡಿದ. ಆಮೇಲೆ ಮೇಸ್ತ್ರಿ ಸುಟ್ಟ ಕೆಂಪು ತಂತಿಯನ್ನು ಬೆರಳಿನಲ್ಲಿ ಹಿಡಿದು, ಅದು ಹೋದ ದಾರಿಯಲ್ಲೇ ಹೋಗಿ, ಬೀಗದ ಕೈ ತಿರುಗಿಸುವ ಸ್ವಿಚ್ಚಿನ ಹಿಂಭಾಗಕ್ಕೆ ಬಂದು ನಿಂತ.

ಆ ಸ್ವಿಚ್ಚು, ಹಳೆಯದು ಕೆಟ್ಟಿತೆಂದು, ನೀನು ಹೋಗುವ ಹಿಂದಿನ ದಿನ ಶನಿವಾರ ಹಾಕಿದ್ದು. ಹಳೆಯದರ ಹಾಗೆಯೇ ಐದು ಕಾಲು, ಆದರೆ ಕಾಲುಗಳ ಜಾಗ ಬೇರೆ. ನೀನು ಪ್ರತಿ ಕಾಲಿನ ಪಕ್ಕದ ಇಂಗ್ಲಿಷ್ ಅಕ್ಷರ ಓದಿ ಒಂದೊಂದೇ ತಂತಿ ಸಿಕ್ಕಿಸಿದೆ. ಬ್ಯಾಟರಿ ಚಾರ್ಜಿಗೆ ಇಟ್ಟು, "ಅತ್ತೆ, ಇನ್ನೂ ಪರೀಕ್ಷೆ ಮಾಡಿಲ್ಲ, ನಾಳೆ ನಾನೇ ಜೋಡಿಸ್ತೀನಿ, ಅಲ್ಲೀತನಕ ಯಾರೂ ಮುಟ್ಟೋದು ಬೇಡ" ಎಂದೆ. ನನ್ನ ಮನೆಯಲ್ಲಿ ನನಗೇ ಮುಟ್ಟಬೇಡ ಎನ್ನುವವಳು ಇವಳು ಯಾರು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ನೀವೆಲ್ಲ ಏಳುವ ಮೊದಲು ಹೋಗಿ ಮುಚ್ಚಳ ತೆಗೆದು ನೋಡಿದೆ. ಹಳೆಯ ಸ್ವಿಚ್ಚು ಡಬ್ಬಿಯಲ್ಲಿತ್ತು. ಅದರಲ್ಲಿ ಕೆಂಪು ತಂತಿಯ ಗುರುತು ಮೇಲಿನ ಕಾಲಿಗೆ, ಇದರಲ್ಲಿ ನೀನು ಕೆಳಗೆ ಹಾಕಿದ್ದೆ. ಕೆಳಗಿನ ಕಾಲಿಗೆ ಬಿ ಎಂದಿತ್ತು, ಮೇಲಿನದಕ್ಕೆ ಎಂ ಎಂದಿತ್ತು. ನಮ್ಮ ಮನೆತನದಲ್ಲಿ ಹೈಸ್ಕೂಲು ಮುಗಿಸಿದ ಮೊದಲ ಹೆಣ್ಣು ನಾನು. ಎಂ ಅಂದರೆ ಮೇನ್ ಎಂದು ಓದಿದೆ, ಮನೆಯ ಮೀಟರಿನ ಪಕ್ಕ ಬರೆದಿಲ್ಲವೇ? ಬಿ ಅಂದರೆ ಬಲ್ಬು, ಗಾಡಿಯ ಮುಂದಿನ ದೀಪಕ್ಕೆ. ಕೆಂಪು ತಂತಿ ಕಿತ್ತು ಎಂಗೆ ಹಾಕಿದೆ, ಎಂನಲ್ಲಿದ್ದ ಕಪ್ಪನ್ನು ಬಿಗೆ ಹಾಕಿದೆ. ನಿನ್ನ ತಪ್ಪು ತಿದ್ದಿದೆ ಎಂಬ ಜಂಬದಲ್ಲಿ ಮುಚ್ಚಳ ಹಾಕಿ ಕೈ ತೊಳೆದುಕೊಂಡೆ.

ಮುಂದಿನದು ನಿನಗೆ ಗೊತ್ತು. ಮೈದಾನಕ್ಕೆ ಹೊತ್ತಾಯಿತೆಂದು ನಾನೇ ಅವಸರ ಮಾಡಿದೆ, ನಿನ್ನ ಭಾವ ನಿನ್ನನ್ನು ಕಾಯದೆ ಬ್ಯಾಟರಿ ಜೋಡಿಸಿದ. ಫ್ಯೂಸು ಹೋಯಿತು. ಇನ್ನೊಂದು ಹಾಕಿದ, ಅದೂ ಹೋಯಿತು. ಆಗ ಆ ದಪ್ಪ ತಂತಿ. ಹೊಗೆ ಎದ್ದಾಗ ಅವನು ಕೂತಲ್ಲೇ ಕಲ್ಲಾದ, ನೀನು ಅಡುಗೆಮನೆಯಿಂದ ಓಡಿ ಬಂದು ಮಸಿಬಟ್ಟೆ ಸುತ್ತಿದ ಕೈಯಿಂದ ಬ್ಯಾಟರಿಯ ತಂತಿ ಕಿತ್ತೆ. ಇಲ್ಲದಿದ್ದರೆ ಟ್ಯಾಂಕಿನ ಪೆಟ್ರೋಲಿಗೆ ಬೆಂಕಿ ಹತ್ತಿ ಅವನೇ ಇರುತ್ತಿರಲಿಲ್ಲ. ಅಂಥ ನಿನಗೆ, ಮೈದಾನದ ಕಾರ್ಯದರ್ಶಿಯ ಎದುರು, ಅಕ್ಕಪಕ್ಕದವರ ಎದುರು, ನಾನು ಹೇಳಿದ್ದು ನೆನಪಿದೆ. "ಮೋಟಾರು ಸುತ್ತುವವನ ಮಗಳು ಅಂತ ತಂದ್ವಿ, ಮನೆ ಸುಡೋ ವಿದ್ಯೆ ಕಲಿತು ಬಂದಿದ್ದಾಳೆ. ನಿಮ್ಮಪ್ಪ ಕಲಿಸಿದ್ದು ಇದೇನಾ?" ನಿನಗೆ ಅಂದದ್ದನ್ನು ನೀನು ನುಂಗುತ್ತಿದ್ದೆಯೇನೋ. ಅಪ್ಪನನ್ನು ಎಳೆದದ್ದಕ್ಕೆ ಚೀಲ ತುಂಬಿಕೊಂಡು ತವರಿಗೆ ಹೊರಟೆ. ನಾನಾಗಿದ್ದರೆ ಚೀಲವನ್ನೂ ತುಂಬುತ್ತಿರಲಿಲ್ಲ, ಉಟ್ಟ ಬಟ್ಟೆಯಲ್ಲೇ ಹೊರಡುತ್ತಿದ್ದೆ.

ನಿನ್ನೆ ಮೇಸ್ತ್ರಿ ಹೇಳಿದ: "ಎಂ ಅಂದ್ರೆ ಮ್ಯಾಗ್ನೆಟೊ ಅಮ್ಮಾ, ಕಿಡಿ ಹುಟ್ಟೋ ಜಾಗದಿಂದ ಬರೋ ತಂತಿ. ಬೀಗ ಆಫ್ ಮಾಡಿದಾಗ ಸ್ವಿಚ್ಚು ಒಳಗೇ ಅದನ್ನ ಗಾಡಿಯ ಮೈಗೆ ಸೇರಿಸುತ್ತೆ, ಕಿಡಿ ಸಾಯುತ್ತೆ, ಎಂಜಿನ್ನು ನಿಲ್ಲುತ್ತೆ. ಬಿ ಅಂದ್ರೆ ಬ್ಯಾಟರಿ. ಆ ಕೆಂಪು ತಂತಿ ತಂದು ಎಂಗೆ ಹಾಕಿದ್ರೆ, ಆಫ್ ಇದ್ದಾಗಲೇ ಬ್ಯಾಟರಿಯ ಎರಡು ತುದಿ ಸೇರಿಸಿ ಗಂಟು ಹಾಕಿದ ಹಾಗೆ. ಯಾರು ಹಾಕಿದ್ದು ಇದನ್ನ?" ನಿನ್ನ ಭಾವ ಥಟ್ಟನೆ, "ಇನ್ಯಾರು, ಚಿಕ್ಕವಳು" ಎಂದ. ಮೇಸ್ತ್ರಿ ತಲೆ ಅಲ್ಲಾಡಿಸಿ, ಹೊಸ ಕೆಂಪು ತಂತಿ, ಹೊಸ ಸ್ವಿಚ್ಚು, ಸರಿಯಾದ ಫ್ಯೂಸು ಹಾಕಿ ಬೀಗದ ಕೈ ತಿರುಗಿಸಿದ. ಎಮ್ಮೆ ಒಂದು ಸಲ ಕೆಮ್ಮಿ ಎದ್ದಿತು. ಎಲ್ಲರೂ ನಕ್ಕರು. ನಾನು ಆಗಲೂ ಬಾಯಿ ಬಿಡಲಿಲ್ಲ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂದು ಗಾದೆ. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ನಾನೇ ಒಡೆದು ನಿನ್ನ ಲೆಕ್ಕಕ್ಕೆ ಬರೆದೆ. ಮೇಸ್ತ್ರಿ ವಿವರಿಸಿದ ಮೇಲೆ ನನ್ನ ತಪ್ಪು ನನಗೆ ಗೊತ್ತಾಯಿತು, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ತಪ್ಪಾಯಿತು ಎಂಬ ಮಾತನ್ನು ನಾನು ಇದುವರೆಗೆ ಯಾರಿಗೂ ಬರೆದವಳಲ್ಲ. ನಿನಗೆ ಬರೆಯುತ್ತಿದ್ದೇನೆ. ತಪ್ಪಾಯಿತು.

ಮೈ ಕಡೆ ನೋಡಿಕೋ. ನಿನ್ನ ಅಮ್ಮನಿಗೆ ಕೇಳಿದೆನೆಂದು ಹೇಳು, ಅಪ್ಪನಿಗೆ ನನ್ನ ನಮಸ್ಕಾರ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ಇಂತಿ,
ನಿನ್ನ ಅತ್ತೆ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮೇಸ್ತ್ರಿ ಹೇಳಿದ ಮೇಲಲ್ಲ, ಹೊಗೆ ಎದ್ದಾಗಲೇ ಅದು ನನ್ನ ಕೈಕೆಲಸವೆಂದು ನನಗೆ ಗೊತ್ತಾಗಿತ್ತು. ಗೊತ್ತಿದ್ದೇ, ಬೇರೆಯವರು ಕೇಳುವ ಮೊದಲು ನಿನ್ನನ್ನು ಬೈದೆ. ನಿನಗೂ ಗೊತ್ತಿತ್ತು. ಬ್ಯಾಟರಿ ಕಿತ್ತ ಮೇಲೆ ನೀನು ಸ್ವಿಚ್ಚಿನ ಹಿಂದೆ ಬಗ್ಗಿ ನೋಡಿದೆ, ಕೆಂಪು ತಂತಿ ಎಲ್ಲಿದೆ ಎಂದು ಕಂಡೆ, ಒಂದೇ ಸಲ ನನ್ನ ಮುಖ ನೋಡಿ ಮುಚ್ಚಳ ಹಾಕಿದೆ. ಅಷ್ಟು ಜನರ ಮುಂದೆ ಒಂದು ಮಾತು ಸಾಕಿತ್ತು, ನೀನು ಆಡಲಿಲ್ಲ. ಈಗಷ್ಟೇ ಹಜಾರಕ್ಕೆ ಹೋಗಿ ಇಬ್ಬರು ಮಕ್ಕಳಿಗೂ ಇದ್ದದ್ದು ಇದ್ದ ಹಾಗೆ ಹೇಳಿ ಬಂದೆ, ಸಂಜೆ ಕಾರ್ಯದರ್ಶಿಯ ಮನೆಗೂ ಹೋಗುತ್ತೇನೆ. ಈ ಕಾಗದವನ್ನು ನಿನ್ನ ಅಪ್ಪನ ಎದುರು ಗಟ್ಟಿಯಾಗಿ ಓದು, ಈ ಕೊನೆಯ ಸಾಲುಗಳನ್ನೂ ಬಿಡದೆ. ಆಮೇಲೆ ಒಂದು ದಿನ ಬಾ. ಅವತ್ತು ನುಂಗಿದ ಮಾತನ್ನು ನನ್ನ ಮುಖಕ್ಕೇ ಆಡು. ಬೈದು ಹೋಗುವುದಾದರೆ ಹೋಗು, ಇಲ್ಲವೇ ಬೈದು ಇಲ್ಲೇ ಇರು.