ವಿಧಿಗೆ ನಾಲ್ಕೂವರೆ ನಕ್ಷತ್ರ

ಬುಧವಾರ, ಮಧ್ಯಾಹ್ನದ ಬಿಡುವಿನಲ್ಲಿ

ನಾಲ್ಕೂವರೆ ನಕ್ಷತ್ರ ದಯಪಾಲಿಸಿದ ವಿಮರ್ಶಕ ಮಹಾಶಯರಿಗೆ,

ನಿಮ್ಮಿಂದ ದೂರವಿದ್ದು ಆರಾಮಾಗಿರುವವಳ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕೇಳುವುದು ಪದ್ಧತಿ, ನಾನು ಕೇಳುವುದಿಲ್ಲ. ನಿಮ್ಮ ಕ್ಷೇಮ ಪ್ರತಿ ಶುಕ್ರವಾರ ಪತ್ರಿಕೆಯ ಏಳನೇ ಪುಟದಲ್ಲಿ ಅಚ್ಚಾಗಿ ಊರಿಗೆಲ್ಲ ಹಂಚಿಕೆಯಾಗುತ್ತದೆ.

ಮದುವೆಗೆ ಮುಂಚೆ ನಿಮ್ಮನ್ನು 'ನೀವು' ಎನ್ನುತ್ತಿದ್ದೆ. ಆಮೇಲೆ ಹನ್ನೆರಡು ವರ್ಷ 'ನೀನು' ಎಂದೆ. ಈಗ ಮತ್ತೆ 'ನೀವು' ಎಂದು ಬರೆಯುತ್ತಿದ್ದೇನೆ. ಗೌರವ ಉಕ್ಕಿ ಬಂದಿದೆ ಎಂದು ತಿಳಿಯಬೇಡಿ.

ನಿಮ್ಮ ಲಕೋಟೆ ಕಳೆದ ವಾರ ಬಂತು. ಒಳಗೆ ಮೊನ್ನೆ ಶನಿವಾರದ ಮ್ಯಾಟಿನಿಗೆ ಒಂದು ಟಿಕೆಟ್, ಸೀಟು ಎಫ್ ಹನ್ನೆರಡು. ಜೊತೆಗೆ ನಾಲ್ಕು ಸಾಲು. ನೀವು ಇದಕ್ಕೆಂದೇ ಈ ಊರಿಗೆ ಬಂದು ಎಫ್ ಹದಿಮೂರರಲ್ಲಿ ಕೂತಿರುತ್ತೀರಂತೆ. ವಿಧಿ ಬಯಸಿದರೆ ನಾನೂ ಬರುತ್ತೇನಂತೆ. ನಾಲ್ಕು ವರ್ಷ ಬೇರೆ ಬೇರೆ ಇದ್ದದ್ದು ಸಾಕಂತೆ. ಅಲ್ಲ, ಕಟ್ಟಿಕೊಂಡ ಹೆಂಡತಿಯನ್ನು ಕರೆಯುವುದಕ್ಕೂ ನಿಮಗೆ ಮಧ್ಯಸ್ಥಿಕೆಗೆ ಒಬ್ಬರು ಬೇಕೆ? ಅದೂ ಮಾತಾಡಲು ಬಾಯಿಲ್ಲದ, ತಪ್ಪಾದರೆ ಹಿಡಿದು ಕೇಳಲು ಆಗದ ವಿಧಿಯೇ ಬೇಕೆ?

ಆ ಸಿನಿಮಾವನ್ನು ನಾನು ಅಷ್ಟರಲ್ಲಾಗಲೇ ನೋಡಿಯಾಗಿತ್ತು. ಅಕ್ಕ ಎಳೆದುಕೊಂಡು ಹೋಗಿದ್ದಳು. ಕಥೆ ಎಂದರೆ ಇಷ್ಟು: ಒಬ್ಬ ಹುಡುಗ, ಒಬ್ಬಳು ಹುಡುಗಿ, ಬಸ್ ನಿಲ್ದಾಣದಲ್ಲಿ ಅದಲುಬದಲಾದ ಎರಡು ಸೂಟ್‌ಕೇಸು. ಎರಡು ಗಂಟೆ ಹತ್ತು ನಿಮಿಷ ಅವರಿಬ್ಬರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಹಾದುಹೋಗುತ್ತಾರೆ. ಗಾಳಿ ಅವಳ ಟೋಪಿಯನ್ನು ಅವನ ಮೇಜಿಗೆ ತಂದು ಹಾಕುತ್ತದೆ, ಅವನ ನಾಯಿ ಅವಳ ಚಪ್ಪಲಿಯನ್ನು ಕಚ್ಚಿಕೊಂಡು ಓಡುತ್ತದೆ, ಕೊನೆಗೆ ಇಬ್ಬರೂ ದಾರಿ ತಪ್ಪಿ ಒಂದೇ ಸೇತುವೆಯ ಮೇಲೆ ಬಂದು ನಿಲ್ಲುತ್ತಾರೆ. ಸೂಟ್‌ಕೇಸಿನ ಒಳಗೆ ಹೆಸರು, ವಿಳಾಸ ಬರೆದ ಚೀಟಿ ಅಂಟಿಸಿರುವುದು ಮೊದಲ ದೃಶ್ಯದಲ್ಲೇ ಕಾಣುತ್ತದೆ. ಅದನ್ನು ಓದುವಷ್ಟು ಬುದ್ಧಿ ಇಬ್ಬರಿಗೂ ಇಲ್ಲ. ನಾಲ್ಕೂವರೆ ನಕ್ಷತ್ರ ಕೊಟ್ಟ ನಿಮಗೂ ಅದು ಕಾಣಲಿಲ್ಲ.

ಇನ್ನು ನಾಯಕಿಯ ಕನ್ನಡಕ. ಅದು ಕಳೆದುಹೋಗಿ, ಕಣ್ಣು ಕಾಣದೆ ಅವಳು ನಾಯಕನಿಗೆ ಡಿಕ್ಕಿ ಹೊಡೆಯುತ್ತಾಳಲ್ಲ, ಆ ಕನ್ನಡಕದಲ್ಲಿ ಪವರ್ರೇ ಇಲ್ಲ! ಪವರ್ ಇದ್ದರೆ ಗಾಜಿನೊಳಗೆ ಕೆನ್ನೆಯ ಅಂಚು ಮುರಿದಂತೆ ಕಾಣಬೇಕು. ಅವಳದು ಒಳಗೂ ಹೊರಗೂ ಒಂದೇ ಗೆರೆ. ಇಪ್ಪತ್ತು ವರ್ಷದಿಂದ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುತ್ತಿರುವವಳ ಕಣ್ಣಿಗೆ ಮಣ್ಣೆರಚಲು ಅವರಿಂದಾಗಲಿಲ್ಲ. ಬರಿಗಾಜಿನ ಕನ್ನಡಕ ಕಳೆದುಕೊಂಡು ಕುರುಡಿಯಾಗುವ ಹೆಣ್ಣನ್ನು ನೀವು 'ಪ್ರೇಮದ ಪ್ರತಿಮೆ' ಎಂದು ಬರೆದಿದ್ದೀರಿ. ಸರಿಯಾಗಿಯೇ ಇದೆ.

ಒಂದು ತಿಂಗಳಿಂದ ನಮ್ಮ ಅಂಗಡಿಯಲ್ಲಿ ಈ ಸಿನಿಮಾದ್ದೇ ಮಾತು. ಕುರ್ಚಿಯಲ್ಲಿ ಕೂರಿಸಿ ಕಣ್ಣಿಗೆ ಗಾಜು ಹಿಡಿದರೆ ಸಾಕು, ಜನರ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮಾಲೀಕರು ಮಧ್ಯಂತರದಿಂದ ಕೊನೆಯವರೆಗೆ ನಿದ್ದೆ ಹೊಡೆದು ಬಂದವರು, "ಒಳ್ಳೇ ಪಿಕ್ಚರು, ಹಾಲ್ ತಣ್ಣಗಿತ್ತು" ಎಂದರು. ನಿಮ್ಮ ಏಳನೇ ಪುಟವನ್ನು ಅವರಿಗೇ ಬಿಟ್ಟುಕೊಡಬಹುದು, ಸಾಲುಗಳಾದರೂ ಉಳಿಯುತ್ತವೆ. ಕಾಲೇಜಿನ ಹುಡುಗಿಯರು ಬಂದು ಅದೇ ಬರಿಗಾಜಿನ ಫ್ರೇಮು ಬೇಕೆಂದು ಹಟ ಹಿಡಿದರು. ಅದನ್ನು ಹಾಕಿಕೊಂಡು ಬಾಗಿಲ ಬಳಿ ನಿಂತು ರಸ್ತೆ ನೋಡಿದರು. ಯಾರೂ ಡಿಕ್ಕಿ ಹೊಡೆಯಲಿಲ್ಲ. ಆಂಬುಲೆನ್ಸ್ ಓಡಿಸುವವರೊಬ್ಬರು ಇದ್ದಾರೆ, ಅವರಿಗೆ ಸಿನಿಮಾ ಹಿಡಿಸಲೇ ಇಲ್ಲ. "ಮೂರು ನಿಮಿಷ ತಡ ಆಗೋದನ್ನ ತೋರಿಸಿ ಜನಾನ ನಗಿಸ್ತಾರೆ. ನಾವು ಮೂರು ನಿಮಿಷ ತಡ ಆದ್ರೆ ಯಾರೂ ನಗಲ್ಲ ಮೇಡಂ" ಎಂದು ಕನ್ನಡಕ ಒರೆಸಿಕೊಂಡು ಹೋದರು.

ಅಕ್ಕ ಎರಡು ಕರವಸ್ತ್ರ ಒದ್ದೆ ಮಾಡಿದಳು. ಹೊರಗೆ ಬಂದ ಮೇಲೆ ನಾನು ಸುಮ್ಮನಿರಲಾರದೆ, ವಿಧಿ ಎನ್ನುವುದೆಲ್ಲ ಬೊಗಳೆ, ಮನುಷ್ಯರು ಮಾಡುವುದನ್ನು ಮಾಡಿ ಕೈತೊಳೆದುಕೊಳ್ಳಲು ಇಟ್ಟುಕೊಂಡ ನೀರು ಎಂದೆ. ಅವಳು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟಳು.

"ಹಾಗನ್ಬೇಡ ಕಣೇ. ವಿಧಿ ಅನ್ನೋದು ಇಲ್ದೆ ಹೋದ್ರೆ ನಿಮ್ಮ ಭಾವನ್ನ ನಾನೇ ಆರಿಸಿಕೊಂಡ ಹಾಗಾಗುತ್ತಲ್ಲ. ಮೂವತ್ತು ವರ್ಷ ಆದ್ಮೇಲೆ ಅದನ್ನ ಹೇಗೆ ತಡ್ಕೊಳ್ಳಲಿ?"

ನಾನು ನಗಬೇಕೆಂದಿದ್ದೆ. ಅವಳ ಮುಖ ನೋಡಿ, ಕೈಹಿಡಿದು ರಸ್ತೆ ದಾಟಿಸಿದೆ. ಅವಳಿಗೆ ವಿಧಿ ಬೇಕು, ಇರಲಿ. ಅವಳು ಅದನ್ನು ಇಟ್ಟುಕೊಂಡು ಸಂಸಾರ ಮಾಡಿದಳು. ನೀವು ಅದನ್ನು ಇಟ್ಟುಕೊಂಡು ಮಾಡಿದ್ದು ಬೇರೆ.

ಇನ್ನು ಗಣಿತದ ಮೇಷ್ಟ್ರು. ನಿವೃತ್ತರು, ಓದುವುದಕ್ಕೊಂದು ದೂರಕ್ಕೊಂದು ಕನ್ನಡಕ ಇಟ್ಟುಕೊಂಡು ಯಾವಾಗಲೂ ತಪ್ಪಾದದ್ದನ್ನೇ ಹಾಕಿಕೊಳ್ಳುವವರು. ಸಿನಿಮಾದಲ್ಲಿ ಹದಿನಾಲ್ಕು ಆಕಸ್ಮಿಕಗಳು ಎಂದು ಎಣಿಸಿ, ಅವೆಲ್ಲ ಒಂದೇ ಜೋಡಿಗೆ ಆಗಬೇಕಾದರೆ ಭೂಮಿಯ ಆಯಸ್ಸು ಸಾಲದು ಎಂದು ನಮ್ಮ ರಸೀದಿಯ ಹಿಂಬದಿಯಲ್ಲಿ ಲೆಕ್ಕ ಮಾಡಿ ತೋರಿಸಿದರು. ಆಮೇಲೆ ನಾಚುತ್ತಾ, "ಎರಡು ಸಲ ನೋಡಿದೆ" ಎಂದರು. ನಿಮ್ಮ ವಿಮರ್ಶೆಯನ್ನು ಕತ್ತರಿಸಿ ತಂದು ನನ್ನ ಮುಂದೆ ಹರಡಿದವರೂ ಅವರೇ. "ನೋಡಿಯಮ್ಮಾ, ಇದರಲ್ಲಿ ಬರೋ ಕನ್ನಡಕದ ಅಂಗಡಿ ನಿಮ್ಮದೇ ಇರಬೇಕು" ಎಂದರು. ಬರೆದವರು ನನಗೆ ಏನಾಗಬೇಕು ಎಂದು ಅವರಿಗೆ ಗೊತ್ತಿಲ್ಲ, ಪಾಪ.

ನಾನು ನಿಂತಲ್ಲೇ ಓದಿದೆ. ಅರ್ಧಕ್ಕೆ ಸಿನಿಮಾ ಬಿಟ್ಟು ನಿಮ್ಮದೇ ಕಥೆ ಬರೆದಿದ್ದೀರಿ. ಹದಿನಾರು ವರ್ಷದ ಹಿಂದೆ ನಿಮ್ಮ ಕನ್ನಡಕ ಒಡೆಯಿತು. ಹೊಸ ಲೆನ್ಸಿಗೆಂದು ಹೋದಿರಿ. ನಾಲ್ಕು ಸಲ ಹೋದರೂ ಲೆನ್ಸ್ ಬಂದಿರಲಿಲ್ಲ. ನಾಲ್ಕು ಸಲವೂ ಕೌಂಟರಿನಲ್ಲಿ ಅದೇ ಹುಡುಗಿ. 'ಲೆನ್ಸ್ ಮೊದಲ ದಿನವೇ ಬಂದಿದ್ದರೆ ನನ್ನ ಬಾಳು ಬೇರೆಯಾಗುತ್ತಿತ್ತು. ಕೂಡಿಸಿದ ವಿಧಿಯೇ ಕೊನೆಗೆ ನಮ್ಮನ್ನು ಎರಡು ಊರುಗಳಲ್ಲಿ ಕೂರಿಸಿತು.' ಆಹಾ. ಕೂರಿಸಿತಂತೆ! ನೀವೇನು ಅಂಗಡಿಯ ಗೊಂಬೆಯೇ, ಯಾರೋ ಎತ್ತಿ ಕೂರಿಸುವುದಕ್ಕೆ?

ಈಗ ನಾನು ಬರೆಯಲೇಬೇಕಾದದ್ದಕ್ಕೆ ಬರುತ್ತೇನೆ.

ನಾಲ್ಕು ವರ್ಷದ ಹಿಂದೆ ನೀವು ಮಂಗಳವಾರ ಮನೆಗೆ ಬಂದು, ಮುಖ ಸಣ್ಣದು ಮಾಡಿಕೊಂಡು, "ವರ್ಗ ಮಾಡಿಬಿಟ್ಟರು ಕಣೇ. ಮೇಲಿನವರ ತೀರ್ಮಾನ. ನಮ್ಮ ಹಣೆಬರಹ" ಎಂದಿರಿ. ನಾನು ನಂಬಿದೆ. ನಿಮಗಿಂತ ಹೆಚ್ಚು ನೊಂದುಕೊಂಡೆ. ಏಳು ಶರ್ಟುಗಳನ್ನು ಇಸ್ತ್ರಿ ಮಾಡಿ, ಕಾಲರ್ ಮುದುಡದ ಹಾಗೆ ಕಾಗದ ಸುತ್ತಿ, ಚೀಲಕ್ಕೆ ಜೋಡಿಸಿದೆ. ಮೊದಲು ವಾರಕ್ಕೊಮ್ಮೆ ಬಂದಿರಿ. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಫೋನು, ಆಮೇಲೆ ಅದೂ ಇಲ್ಲ.

ನೀವು ಹೋದ ಎಂಟು ತಿಂಗಳಿಗೆ ನಿಮ್ಮ ಹಳೆಯ ಕಚೇರಿಯಲ್ಲಿ ಕರಡು ತಿದ್ದುವವರು ಓದುವ ಕನ್ನಡಕಕ್ಕೆಂದು ಬಂದರು. ನಾನು ಅವರ ಫ್ರೇಮಿನ ಸ್ಕ್ರೂ ಬಿಗಿಮಾಡುತ್ತಿದ್ದೆ. ಮಾತಿಗೆ ಮಾತು ಬಂದು, ನಿಮ್ಮನ್ನು ಹಾಗೆ ಎತ್ತಿ ಹಾಕಿದ್ದು ಅನ್ಯಾಯ ಎಂದೆ. ಅವರಿಗೆ ಆಶ್ಚರ್ಯವಾಯಿತು. "ಎತ್ತಿ ಹಾಕಿದ್ದಾ? ಅವರೇ ಎರಡು ಸಲ ಅರ್ಜಿ ಕೊಟ್ಟಿದ್ರಲ್ಲಮ್ಮಾ. ಮೊದಲನೇದು ಆಗ್ಲಿಲ್ಲ ಅಂತ ಬೇಜಾರು ಬೇರೆ ಮಾಡ್ಕೊಂಡಿದ್ರು. ನಿಮಗೆ ಗೊತ್ತಿರ್ಲಿಲ್ವಾ?"

ಸ್ಕ್ರೂ ಕೈಜಾರಿ ಬಿತ್ತು. ಅಕ್ಕಿಕಾಳಿಗಿಂತ ಸಣ್ಣದು. ಹುಡುಕುವ ನೆಪದಲ್ಲಿ ಕೌಂಟರಿನ ಕೆಳಗೆ ನೆಲದ ಮೇಲೆ ಬಹಳ ಹೊತ್ತು ಕೂತಿದ್ದೆ.

ಇದನ್ನು ನಾನು ನಿಮಗೆ ಯಾವತ್ತೂ ಹೇಳಲಿಲ್ಲ. ಮೂರು ವರ್ಷದಿಂದ ನನಗೆ ಗೊತ್ತು. ನೀವಾಗಿಯೇ ಹೇಳಲಿ ಎಂದು ಕಾದೆ. ನೀವು ಹೇಳಿದಿರಿ, ಊರಿಗೆಲ್ಲ ಹೇಳಿದಿರಿ, ಏಳನೇ ಪುಟದಲ್ಲಿ, ವಿಧಿಯ ಹೆಸರು ಹಾಕಿ. ನಿಮ್ಮ ವಿಧಿ ಬಿಳಿ ಕಾಗದದ ಮೇಲೆ ಅರ್ಜಿ ಬರೆದು ಸಹಿ ಹಾಕುತ್ತದೆ. ಒಂದು ಸಲಕ್ಕೆ ಆಗದಿದ್ದರೆ ಇನ್ನೊಂದು ಸಲ ಬರೆಯುತ್ತದೆ.

ನೀವು ಯಾಕೆ ಹೋದಿರಿ ಎಂದು ನನಗೆ ಅಷ್ಟಿಷ್ಟು ಅಂದಾಜಿದೆ. ನಮ್ಮದು ಜಗಳವಾಡುವ ಮನೆಯೂ ಆಗಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಇಬ್ಬರು ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುತ್ತಿದ್ದೆವು. ಕೊನೆಯ ಒಂದೆರಡು ವರ್ಷ ನಾನು ನಿಮ್ಮ ಬರಹ ಒಂದನ್ನೂ ಓದಿರಲಿಲ್ಲ. ಚೆನ್ನಾಗಿದೆ ಎಂದು ತಲೆಯಾಡಿಸುತ್ತಿದ್ದೆ. ನಿಮಗೆ ಅದು ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ. ತಿಳಿದಿದ್ದರೆ ಬೈಯಬಹುದಿತ್ತು. ಬೈಯುವುದಕ್ಕೆ ಅರ್ಜಿ ಬೇಕಾಗಿರಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನದನ್ನೂ ಬರೆಯದಿದ್ದರೆ ನಿಮಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ. ಹದಿನಾರು ವರ್ಷದ ಹಿಂದೆ ನಿಮ್ಮ ಲೆನ್ಸ್ ತಡವಾಗಲಿಲ್ಲ. ನೀವು ಎರಡನೇ ಸಲ ಬರುವ ಮೊದಲೇ ಬಂದಿತ್ತು. ನಾನೇ ಉಜ್ಜಿ, ಅಂಚು ತೀಡಿ, ಮೃದು ಬಟ್ಟೆಯಲ್ಲಿ ಸುತ್ತಿ ಕೆಳಗಿನ ಡ್ರಾಯರಿನಲ್ಲಿಟ್ಟೆ. ನೀವು ಬಂದಾಗಲೆಲ್ಲ "ಇನ್ನೂ ಬಂದಿಲ್ಲ, ನಾಡಿದ್ದು ಬನ್ನಿ" ಎಂದೆ. ನೀವು ಕಣ್ಣು ಕಿರಿದು ಮಾಡಿಕೊಂಡು ನನ್ನ ಮುಖ ಹುಡುಕುತ್ತಿದ್ದ ರೀತಿ ನನಗೆ ಇಷ್ಟವಾಗಿತ್ತು. ಹನ್ನೊಂದು ದಿನ ಹಾಗೆ ಅಲೆದಾಡಿಸಿದೆ. ಆ ಹನ್ನೊಂದು ದಿನಗಳಲ್ಲಿ ನೀವು ಮೂರು ಸಿನಿಮಾಗಳಿಗೆ ನಕ್ಷತ್ರ ಕೊಟ್ಟಿರಿ. ಏನನ್ನು ನೋಡಿ ಕೊಟ್ಟಿರೋ, ನನಗಂತೂ ಇವತ್ತಿಗೂ ತಿಳಿಯದು.

ಹೀಗಾಗಿ, ದಯವಿಟ್ಟು, ಆ ಹನ್ನೊಂದು ದಿನಗಳನ್ನು ವಿಧಿಯ ಖಾತೆಯಿಂದ ತೆಗೆಯಿರಿ. ಅದು ನಾನು ಮಾಡಿದ್ದು. ಸುಳ್ಳೇ ಹೇಳಿದೆ, ಆದರೆ ನೀವು ನನಗೆ ಬೇಕಾಗಿದ್ದಕ್ಕೆ ಹೇಳಿದೆ. ನನ್ನ ಬಾಳಿನಲ್ಲಿ ನಾನು ಅಷ್ಟು ಧೈರ್ಯವಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಅದರ ಕೀರ್ತಿಯನ್ನು ಗಾಳಿಗೂ ನಾಯಿಗೂ ಕೊಡಲು ನನ್ನಿಂದಾಗದು.

ಶನಿವಾರ ಎಫ್ ಹನ್ನೆರಡರಲ್ಲಿ ಬಂದು ಕೂತ ಹಿರಿಯರು ಯಾರೆಂದು ನೀವು ತಲೆ ಕೆಡಿಸಿಕೊಂಡಿರಬಹುದು. ಅವರೇ ನಮ್ಮ ಮೇಷ್ಟ್ರು. ಮೂರನೇ ಸಲ ನೋಡುವ ಆಸೆಯಿತ್ತು, ಟಿಕೆಟ್ ಕೊಟ್ಟೆ. ಎರಡು ಗಂಟೆ ನಿಮ್ಮ ಕಿವಿಯಲ್ಲಿ ಆಕಸ್ಮಿಕಗಳನ್ನು ಎಣಿಸಿರುತ್ತಾರೆ ಎಂದು ನೆನೆದು ಶನಿವಾರವೆಲ್ಲ ಖುಷಿಯಾಗಿದ್ದೆ. ಸೋಮವಾರ ಬಂದು ಅವರು ಬೇರೆಯೇ ವರದಿ ಕೊಟ್ಟರು.

"ಪಕ್ಕದಲ್ಲೊಬ್ಬ ಇದ್ದನಮ್ಮಾ. ಬಾಗಿಲು ತೆರೆದಾಗಲೆಲ್ಲ ತಿರುಗಿ ತಿರುಗಿ ನೋಡ್ತಿದ್ದ. ಸಿನಿಮಾ ನೋಡಲೇ ಇಲ್ಲ. ಕನ್ನಡಕ ಎಡಗಡೆ ವಾಲಿತ್ತು. ಸ್ಟೇಷನ್ ರಸ್ತೇಲಿ ಒಳ್ಳೇ ಅಂಗಡಿ ಇದೆ, ಸರಿ ಮಾಡಿಕೊಡ್ತಾರೆ, ಹೋಗಪ್ಪಾ ಅಂದೆ. ಅದಕ್ಕವನು, ಆ ಅಂಗಡಿಗೆ ಹೋಗೋ ಮುಖ ಇಲ್ಲ ಸಾರ್ ನನಗೆ, ಬಿಟ್ಟು ಬಂದವನು ನಾನೇ, ಅಂದ. ಏನು ಬಿಟ್ಟನೋ, ಕೊಡೆಯೋ ಗಿಡೆಯೋ."

ಬಿಟ್ಟು ಬಂದವನು ನಾನೇ. ಮೂರೇ ಪದ. ನಾಲ್ಕು ವರ್ಷದಲ್ಲಿ ನಿಮ್ಮ ಬಾಯಿಂದ ಬಂದ ಒಂದೇ ಒಂದು ನಿಜ. ಅದನ್ನೂ ಕತ್ತಲೆಯಲ್ಲಿ, ಹೆಸರು ಗೊತ್ತಿಲ್ಲದ ಮುದುಕರೊಬ್ಬರಿಗೆ ಹೇಳಿದ್ದೀರಿ. ನಿಮ್ಮ ಹೇಡಿತನಕ್ಕೆ ನಾನು ಐದಕ್ಕೆ ಐದು ನಕ್ಷತ್ರ ಕೊಡುತ್ತೇನೆ.

ನೀವು ಕೇಳಿದ್ದಕ್ಕೆ ಉತ್ತರ: ವಿಧಿ ಬಯಸಿದರೆ ನಾನು ಎಲ್ಲಿಗೂ ಬರುವುದಿಲ್ಲ. ಅದು ಎಷ್ಟು ಬೇಕಾದರೂ ಬಯಸಿಕೊಳ್ಳಲಿ.

ಇತಿ,
ಕಾನೂನಿನ ಪ್ರಕಾರ ಇನ್ನೂ ನಿಮ್ಮ ಹೆಂಡತಿ

ಮರೆತ ಮಾತು: ಗುರುವಾರ, ಸಂಜೆ ನಾಲ್ಕೂಕಾಲು. ಇದನ್ನು ಅಂಚೆಗೆ ಹಾಕಲೆಂದು ಬೆಳಿಗ್ಗೆ ಹೊರಟವಳು ಅಂಚೆಪೆಟ್ಟಿಗೆ ದಾಟಿ ನೇರ ರೈಲು ಹತ್ತಿದೆ. ಮಾಲೀಕರಿಗೆ ಹಲ್ಲುನೋವು ಎಂದು ಹೇಳಿದ್ದೇನೆ. ಈಗ ನಿಮ್ಮ ಕಚೇರಿಯ ಕೆಳಗೆ, ಸಂದರ್ಶಕರ ಬೆಂಚಿನ ಮೇಲೆ ಕೂತಿದ್ದೇನೆ. ಬೆಂಚು ಗಟ್ಟಿ, ಫ್ಯಾನು ಸದ್ದು ಮಾಡುತ್ತದೆ. ಬಂದವರನ್ನು ವಿಚಾರಿಸುವ ಮೇಜಿನ ಹೆಂಗಸು, "ಮೇಲೆ ಇದ್ದಾರೆ ಮೇಡಂ, ಫೋನ್ ಮಾಡಿ ಕರೀಲಾ?" ಎಂದಳು. ಬೇಡ, ಇದನ್ನು ಕೊಟ್ಟು ಬನ್ನಿ ಸಾಕು ಎಂದೆ. ಇವಳ ಕೈಯಿಂದ ನಿಮ್ಮ ಕೈಗೆ ಮೂರು ಮಹಡಿ. ನನ್ನ ವಾಪಸು ರೈಲು ಆರೂವರೆಗೆ. ಇಳಿದು ಬಂದರೆ ಆ ಮೂರು ಪದಗಳನ್ನು ನನ್ನ ಮುಖ ನೋಡಿ ಹೇಳಬೇಕಾಗುತ್ತದೆ. ಅದಾದ ಮೇಲೆ ನಾನು ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ಇಳಿದು ಬರದಿದ್ದರೆ, ನಾನೇ ಇಳಿಯಲಿಲ್ಲ ಎಂದು ಬರೆದುಕೊಳ್ಳಿ, ವಿಧಿಯ ಹೆಸರು ಹಾಕಬೇಡಿ.