ನಾಲ್ಕನೆಯ ಪ್ರಶ್ನೆಗೆ ಉತ್ತರ

ಹಿರೇವಡ್ಡಟ್ಟಿ
೯ ಫೆಬ್ರವರಿ ೨೦೨೫

ಚಿರಂಜೀವಿ ಕಾವೇರಿಗೆ ನಿನ್ನ ಸಣ್ಣಜ್ಜನ ಆಶೀರ್ವಾದ.

ನಿಮ್ಮಪ್ಪ ಕಳಕೇಶನ ಬೆನ್ನುನೋವು ಹೇಗಿದೆ? ನಿಮ್ಮವ್ವ ದುರ್ಗಾಳ ಸಕ್ಕರೆ ಹತೋಟಿಗೆ ಬಂತೋ, ಇನ್ನೂ ಕದ್ದು ಬೆಲ್ಲದ ಚಹಾ ಕುಡಿಯುತ್ತಾಳೋ? ಕಾಮಾಲೆಯಿಂದ ಎದ್ದ ನಿನ್ನ ತಮ್ಮ ಲೋಹಿತ ರೊಟ್ಟಿ ತಿನ್ನಲು ಶುರು ಮಾಡಿದನೆಂದು ಕೇಳಿ ಸಮಾಧಾನವಾಯಿತು. ಇಲ್ಲಿ ಸಾವಕ್ಕಜ್ಜಿಯೂ ನಾನೂ ಆರಾಮ ಇದ್ದೇವೆ.

ಯುದ್ಧದ ಸಿನಿಮಾಗಳ ಬಗ್ಗೆ ನೀನು ಕಾಲೇಜಿಗೆ ಬರೆಯುತ್ತಿರುವ ಪ್ರಬಂಧಕ್ಕೆಂದು ಆರು ಪ್ರಶ್ನೆ ಕಳಿಸಿ ಮೂರು ವಾರವಾಯಿತು. ಫೋನ್ ಮಾಡಿ ಹೇಳಬಹುದಿತ್ತು. ಫೋನಿನಲ್ಲಾದರೆ ನಾನು ನಿನ್ನನ್ನು ನಗಿಸಿ ತಪ್ಪಿಸಿಕೊಂಡುಬಿಡುತ್ತೇನೆ, ಅದಕ್ಕೇ ಕಾಗದ. ಪ್ರಬಂಧದ ಮೊದಲ ಪುಟಕ್ಕೆ ‘ಬಂದೂಕು ಹಿಡಿದೂ ಯಾರಿಗೂ ಅನ್ಯಾಯ ಮಾಡದ ನನ್ನ ಸಣ್ಣಜ್ಜನಿಗೆ’ ಎಂದು ಬರೆದಿದ್ದೀಯಲ್ಲ, ಅದು ಅಚ್ಚಾಗುವ ಮೊದಲೇ ಇದು ನಿನ್ನ ಕೈ ಸೇರಬೇಕು.

ನೀನು ಕಳಿಸಿದ ಮೂರೂ ಸಿನಿಮಾ ನೋಡಿದೆ. ಪಕ್ಕದ ಮನೆಯ ದರ್ಜಿ ಖಾಸಿಂಸಾಬ ನಿನ್ನ ಪೆನ್‌ಡ್ರೈವನ್ನು ತನ್ನ ಟಿವಿಗೆ ಸಿಕ್ಕಿಸಿ ಹಚ್ಚಿಕೊಟ್ಟ. ಎರಡನೆಯದರಲ್ಲಿ ಒಬ್ಬ ಸಿಪಾಯಿ ಹಳ್ಳಿಗೆ ಬೆಂಕಿ ಇಟ್ಟು, ಆಮೇಲೆ ಹೊಳೆ ದಂಡೆಯಲ್ಲಿ ಕುಳಿತು ಅಳುತ್ತಾನಲ್ಲ, ಅಲ್ಲಿಗೆ ಸಾವಕ್ಕನ ತಾಳ್ಮೆ ಮುಗಿಯಿತು.

“ಅವ ಅಳೂದನ್ನ ಎಷ್ಟೊತ್ತು ತೋರಸ್ತಾರಿವರು? ಆ ಸುಟ್ಟ ಮನಿಯಾಕಿ ಕೂಸು ಎತಗೊಂಡು ಓಡಿದ್ಲಲ್ಲ, ಆಕಿ ಏನಾದ್ಲು?”

“ಯಕ್ಕಾ, ಆಕಿದು ಅಷ್ಟ ಪಾರ್ಟು. ಪಗಾರ ತಗೊಂಡು ಮನಿಗೆ ಹೋಗಿರ್ತಾಳ,” ಎಂದ ಖಾಸಿಂಸಾಬ.

“ನಿನ್ನ ಬಾಯಿ ನಿನ್ನ ಮಶೀನ್ಯಾಗ ಇಟ್ಟು ಹೊಲೀಬೇಕು ನೋಡು,” ಎಂದಳು ಇವಳು.

ನನಗೆ ಮಾತ್ರ ಅವಳ ಮಾತು ಹಿಡಿಯಿತು. ಸಿಪಾಯಿ ಕೆಟ್ಟದ್ದನ್ನು ಈ ಸಿನಿಮಾದವರು ಮುಚ್ಚಿಡುವುದಿಲ್ಲ, ಅದು ದೊಡ್ಡ ಮಾತೇ. ಆದರೆ ಅವನು ಕೆಟ್ಟ ಮೇಲೂ ಕ್ಯಾಮೆರಾ ಅವನ ಮುಖ ಬಿಡುವುದಿಲ್ಲ. ಮನೆ ಕಳೆದುಕೊಂಡವರು ಅವನ ದುಃಖಕ್ಕೊಂದು ಕಾರಣವಾಗಿ ಬಂದು ಹೋಗುತ್ತಾರೆ. ಬೇಕಾದರೆ ಇದನ್ನು ಪ್ರಬಂಧದಲ್ಲಿ ಸೇರಿಸು, ಸಾವಕ್ಕನ ಹೆಸರಿನಲ್ಲಿ.

ಈಗ ನಿನ್ನ ನಾಲ್ಕನೆಯ ಪ್ರಶ್ನೆ. ಸಿಪಾಯಿ ನೀತಿಗೆಡುವ ಗಳಿಗೆ ನಿಜದಲ್ಲೂ ಸಿನಿಮಾದ ಹಾಗೆಯೇ ಇರುತ್ತದೆಯೇ ಎಂದು ಕೇಳಿದ್ದೀ. ಇರುವುದಿಲ್ಲ. ಅಲ್ಲಿ ಕಣ್ಣು ಕೆಂಪಾಗುತ್ತದೆ, ವಾದ್ಯ ಬಡಿಯುತ್ತದೆ. ನಾನು ಕೆಟ್ಟಾಗ ಬೆಳಗಿನ ಹತ್ತು ಗಂಟೆ, ಹೊಟ್ಟೆ ತುಂಬಿತ್ತು, ತಣ್ಣಗೆ ಗಾಳಿ ಬೀಸುತ್ತಿತ್ತು.

ನನಗಾಗ ಇಪ್ಪತ್ತೈದು. ಸಮುದ್ರದಾಚೆ, ತಮಿಳು ಮಾತಾಡುವ ಜನರ ಊರಿನಲ್ಲಿದ್ದೆವು. ನಮ್ಮ ತುಕಡಿಯಲ್ಲಿ ದಕ್ಷಿಣದವನು ನಾನೊಬ್ಬನೇ. ನಿಮ್ಮದೆಲ್ಲ ಒಂದೇ ಭಾಷೆಯಲ್ಲವೇ ಎಂದು ಸಾಹೇಬರು ಕೇಳಿದಾಗ ನಾನು ಅಲ್ಲ ಎನ್ನಲಿಲ್ಲ. ಏಳನೆಯ ಇಯತ್ತೆ ಕಲಿತವನನ್ನು ಯಾರೋ ಮೊದಲ ಸಲ ಪಂಡಿತನಂತೆ ಕಂಡಿದ್ದರು. ನಾನೇ ಒಂದು ಸೂತ್ರವನ್ನೂ ಹುಡುಕಿಕೊಂಡಿದ್ದೆ: ಅವರ ಪಕಾರ ತೆಗೆದು ಹಕಾರ ಹಾಕಿದರೆ ಕನ್ನಡ. ಅವರ ಪಾಲು ನಮ್ಮ ಹಾಲು, ಅವರ ಪೂ ನಮ್ಮ ಹೂ. ಇಷ್ಟರ ಮೇಲೆ ಎಂಟು ತಿಂಗಳು ದುಭಾಷಿಯಾಗಿ ಮೆರೆದೆ.

ಅಂದು ಒಂದು ಮನೆಯ ಶೋಧಕ್ಕೆ ಹೋದೆವು. ಹಿತ್ತಿಲ ಕೋಣೆಗೆ ಒಳಗಿನಿಂದ ಅಗಳಿ ಹಾಕಿತ್ತು. ಒಳಗೇನಿದೆ ಎಂದು ಸಾಹೇಬರು ನನ್ನಿಂದ ಕೇಳಿಸಿದರು. ಮನೆಯ ಮುದುಕಿ ಕೈಮುಗಿದು “ಪುಳಿ, ಪುಳಿ” ಎಂದಳು. ನಮ್ಮ ಮೇಲೆ ಗುಂಡು ಹಾರಿಸುವವರನ್ನು ಅಲ್ಲಿ ಪುಲಿ ಎನ್ನುತ್ತಿದ್ದರು, ಎಂದರೆ ಹುಲಿ. ನನ್ನ ಕಿವಿ ಅದನ್ನೇ ಕೇಳಿಕೊಂಡಿತು. “ಒಳಗೆ ಹುಲಿ ಇದ್ದಾನಂತೆ ಸಾಹೇಬ್” ಎಂದೆ. ಬಾಗಿಲು ಒದ್ದು ಆಕೆಯ ಮಗನನ್ನು ಎಳೆದರು. ನನ್ನದೇ ವಯಸ್ಸಿನವನು. ಕೈ ಕಟ್ಟಿ ಗಾಡಿಗೆ ಹತ್ತಿಸಿದರು. ಸಾಹೇಬರು ನನ್ನ ಬೆನ್ನು ತಟ್ಟಿ ಶಾಬಾಶ್ ಎಂದರು.

ಆಮೇಲೆ ನಾನು ಕೋಣೆಯೊಳಗೆ ಹೋದೆ. ಚಾಪೆಯ ತುಂಬ ಹುಣಸೆಹಣ್ಣು, ಅರ್ಧ ಬೀಜ ಬಿಡಿಸಿದ್ದು, ಅರ್ಧ ಬಿಡಿಸದ್ದು. ನಮ್ಮನ್ನು ಕಂಡು ಹೆದರಿ ಅವನು ಅಗಳಿ ಹಾಕಿಕೊಂಡಿದ್ದ, ಅಷ್ಟೇ. ಹುಣಸೆಗೆ ಅವರು ಪುಳಿ ಎನ್ನುತ್ತಾರೆ. ಮೈಸೂರು ಕಡೆಯವನಾಗಿದ್ದರೆ ಹುಳಿ ಎಂದ ಕೂಡಲೇ ಅಡುಗೆಮನೆ ನೆನಪಾಗುತ್ತಿತ್ತೇನೋ. ಹುಣಸಿಹಣ್ಣು ಎಂದೇ ಬೆಳೆದ ನನಗೆ ಆಗಲಿಲ್ಲ. ಲಕಾರ ಳಕಾರದ ತಪ್ಪು. ತಪ್ಪು ಯಾರಿಗಾದರೂ ಆಗುತ್ತದೆ.

ಕೆಟ್ಟದ್ದು ಅದರ ಮುಂದೆ. ಗಾಡಿ ಇನ್ನೂ ಬಾಗಿಲಲ್ಲೇ ಇತ್ತು, ಇಂಜಿನ್ ಶುರುವಾಗಿತ್ತು. ಹತ್ತು ಹೆಜ್ಜೆ ನಡೆದು, ಸಾಹೇಬ್, ನನಗೆ ಈ ಭಾಷೆ ಬರುವುದಿಲ್ಲ ಎಂದಿದ್ದರೆ ಸಾಕಿತ್ತು. ಮುದುಕಿ ನನ್ನ ತೋಳು ಹಿಡಿದು ಅದೇ ಮಾತು ಹೇಳುತ್ತಿದ್ದಳು. ಈ ಸಲ ಸರಿಯಾಗಿ ಕೇಳಿಸಿತು. ನಾನು ಬೂಟಿಗೆ ಅಂಟಿದ ಹುಣಸೆಯನ್ನು ಮೆಟ್ಟಿಲಿಗೆ ಉಜ್ಜುತ್ತ ನಿಂತೆ. ಆ ಶಾಬಾಶನ್ನು ವಾಪಸು ಕೊಡಲು ಮನಸ್ಸಾಗಲಿಲ್ಲ. ಗಾಡಿ ಹೋಯಿತು.

ಅವನನ್ನು ಮರುದಿನವೇ ಬಿಟ್ಟರೆಂದು ಆಮೇಲೆ ಕೇಳಿದೆ. ಹಾಗಾಗಿ ದೊಡ್ಡ ಅನಾಹುತವೇನೂ ಆಗಲಿಲ್ಲ.

ಆದರೂ ಮೊದಲ ಪುಟದ ಆ ಸಾಲು ತೆಗೆದುಬಿಡು ಮಗಳೇ. ನನ್ನ ಮೇಲೆ ನಿನಗಿರುವ ಪ್ರೀತಿಯೂ ಅದರ ಜೊತೆಗೇ ಹೋದೀತೆಂಬ ಅಂಜಿಕೆಯಿಂದಲೇ ಮೂರು ವಾರ ತಡಮಾಡಿದೆ. ಉಳಿದ ಐದು ಪ್ರಶ್ನೆಗಳ ಉತ್ತರ ಬೇರೆ ಹಾಳೆಯಲ್ಲಿದೆ.

ನಿನ್ನ ಸಣ್ಣಜ್ಜ,
ಪುಂಡಲೀಕಪ್ಪ

ತಾ. ಕ.: ಲಕೋಟೆ ಅಂಟಿಸುವ ಮೊದಲು, ಇವತ್ತು ಬೆಳಿಗ್ಗೆ, ಇದನ್ನು ಸಾವಕ್ಕನಿಗೆ ಓದಿ ಹೇಳಿದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳೂ ಇದನ್ನು ಕೇಳಿದ್ದು ಮೊದಲ ಸಲ. ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದಳು: “ಬಿಟ್ರು ಅಂತ ಯಾರು ಹೇಳಿದ್ರು ನಿಮಗ?”

ಯಾರೂ ಹೇಳಿರಲಿಲ್ಲ, ಕಾವೇರಿ. ನಾನು ಯಾರನ್ನೂ ಕೇಳಿಯೂ ಇರಲಿಲ್ಲ. ಇನ್ನೂ ನಾಲ್ಕು ತಿಂಗಳು ಅಲ್ಲೇ ಇದ್ದೆವು. ಆ ಓಣಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ. ಅವನನ್ನು ಬಿಟ್ಟರೆಂದು ಬರೆದ ಆ ಎರಡು ಸಾಲು ಹೊಡೆದುಹಾಕಲು ಪೆನ್ನು ಎತ್ತಿದೆ, ಆಮೇಲೆ ಹಾಗೇ ಬಿಟ್ಟೆ. ಮನುಷ್ಯ ಹೇಗೆ ಕೆಡುತ್ತಾನೆಂದು ಕೇಳಿದ್ದೆಯಲ್ಲ, ನಿನ್ನೆ ಆ ಸುಳ್ಳು ಬರೆದು ಸಲೀಸಾಗಿ ಮುಂದಿನ ಸಾಲಿಗೆ ಹೋದೆ, ಹಾಗೆ. ಅಚ್ಚಿನಲ್ಲಿ ಏನು ಹಾಕಬೇಕೆಂಬುದು ಈಗ ನಿನಗೆ ಬಿಟ್ಟದ್ದು. ಬೈದಾದರೂ ಸರಿ, ಜಲ್ದಿ ಒಂದು ಕಾಗದ ಬರೆ.